ಮೂರು ಇಂಚಿನ ನಳಿಕೆಯ .32 ರಿವಾಲ್ವರ್‌ಗೆ ಯಾವ ತೋಟಾ? ಅಪ್ಪನ ಹಳೆಯ ಡಬ್ಬಿಯನ್ನು ಏನು ಮಾಡಲಿ?

ತೊಗರಿಕಣಜ, ಕಲಬುರಗಿ

ಎಲ್ಲರಿಗೂ ಶರಣು. ಗಂಜ್‌ನಲ್ಲಿ ನಮ್ಮದು ಅಡತಿ ಅಂಗಡಿ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರ ರಿವಾಲ್ವರ್ ಇಷ್ಟು ದಿನ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇತ್ತು. ಸುರಕ್ಷತಾ ತರಬೇತಿ, ಪೊಲೀಸ್ ವರದಿ ಎಲ್ಲ ಮುಗಿದು ಹೋದ ತಿಂಗಳು ನನ್ನ ಹೆಸರಿಗೆ ಪರವಾನಗಿ ಬಂತು. ಕಾನ್ಪುರದ ಸರ್ಕಾರಿ ಬಂದೂಕು ಕಾರ್ಖಾನೆಯ .32, ಮೂರು ಇಂಚಿನ ನಳಿಕೆ, ಆರು ಗುಂಡಿನದು.

ಅದರ ಜೊತೆ ಒಂದು ತಗಡಿನ ಡಬ್ಬಿಯೂ ಕೈಗೆ ಬಂತು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟ 19 ತೋಟಾ. ಕೆಲವಕ್ಕೆ ಹಿತ್ತಾಳೆಯ ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿದೆ. ಅಪ್ಪ ಎಂದು ಕೊಂಡರು, ಎಷ್ಟು ಹಾರಿಸಿದರು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಸುಗ್ಗಿಯ ದಿನಗಳಲ್ಲಿ ಅಂಗಡಿ ಮುಚ್ಚಿ ಮನೆ ಸೇರುವುದು ರಾತ್ರಿ ಹತ್ತರ ಮೇಲೆ. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಎಟಿಎಂಗೆ ತುಂಬಲು ತಂದ ಹಣವನ್ನು ಹಾಡಹಗಲೇ ಗುಂಡು ಹಾರಿಸಿ ದೋಚಿದ ಮೇಲೆ ನಮ್ಮ ಅವ್ವ ನಾನು ಬಾಗಿಲು ತಟ್ಟುವವರೆಗೆ ಮಲಗುವುದಿಲ್ಲ. ತೋಟಾದ ಬಗ್ಗೆ ಮೂವರನ್ನು ಕೇಳಿದೆ. ಒಬ್ಬರು ಟೊಳ್ಳು ಮೂತಿಯ ಹಾಲೋ ಪಾಯಿಂಟ್ ತರಿಸಿಕೋ ಎಂದರು. ಇನ್ನೊಬ್ಬರು .32 ಪಿಸ್ತೂಲಿನ ತೋಟಾ ಇದಕ್ಕೂ ಕೂರುತ್ತದೆ, ಅದರ ಹೊಡೆತ ಜೋರು ಎಂದರು. ಮೂರನೆಯವರು ಯಾವುದಾದರೇನು, ಸದ್ದಿಗೇ ಓಡುತ್ತಾರೆ ಎಂದರು. ಸದ್ದಿನ ಮೇಲೆ ಜೀವ ಇಟ್ಟುಕೊಳ್ಳಲು ನಾನು ತಯಾರಿಲ್ಲ. ತಿಳಿದವರು ಬಿಡಿಸಿ ಹೇಳಬೇಕು.

ನಿವೃತ್ತ ಹವಾಲ್ದಾರ್, ಭಾಲ್ಕಿ

ತಮ್ಮಾ, ಮೊದಲು ಎರಡನೆಯವರ ಮಾತನ್ನು ಮನಸ್ಸಿನಿಂದ ತೆಗೆದುಹಾಕು. ಪಿಸ್ತೂಲಿನ .32 ಬೇರೆ, ರಿವಾಲ್ವರಿನ .32 ಬೇರೆ. ಪಿಸ್ತೂಲಿನದು .32 ಎಸಿಪಿ, 17 ಮಿ.ಮೀ. ಉದ್ದದ ಹಿತ್ತಾಳೆ ಕೋಶದ್ದು. ನಿನ್ನದಕ್ಕೆ ಬೇಕಾದದ್ದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್, 23 ಮಿ.ಮೀ. ಕೋಶದ್ದು. ಪಿಸ್ತೂಲಿನ ತೋಟಾದ ಅಂಚು ಚೂರು ಹೊರಚಾಚಿರುವುದರಿಂದ ರಿವಾಲ್ವರಿನ ಸಿಲಿಂಡರಿನಲ್ಲಿ ಜಾರದೆ ಕೂರುತ್ತದೆ, ಹಾರಲೂಬಹುದು. ಅದನ್ನು ಕಂಡೇ ಜನ ಮೋಸಹೋಗುತ್ತಾರೆ. ಎಸಿಪಿಗೆ ಗೊತ್ತುಪಡಿಸಿದ ಗರಿಷ್ಠ ಒತ್ತಡ ಚದರ ಇಂಚಿಗೆ 20,500 ಪೌಂಡ್. ಲಾಂಗ್‌ಗೆ 15,000. ನಿನ್ನ ರಿವಾಲ್ವರ್ ಬ್ರಿಟಿಷರ ಹಳೆಯ ವೆಬ್ಲಿ ರಿವಾಲ್ವರಿನ ಹಾಗೆ ನಡು ಮುರಿದು ತೆರೆಯುವಂಥದ್ದು. ಅದರ ಬಲವೆಲ್ಲ ಮೇಲಿನ ಒಂದು ಕೊಂಡಿಯ ಮೇಲಿದೆ. ಒಂದು ದಿನ ತಡೆದುಕೊಳ್ಳಬಹುದು, ಹತ್ತು ದಿನ ತಡೆದುಕೊಳ್ಳಬಹುದು, ಆಮೇಲೆ ಕೊಂಡಿ ಸಡಿಲಾಗುತ್ತದೆ.

ಹೊಸದು ಕೊಳ್ಳುವಾಗ ಡಬ್ಬಿಯ ಮೇಲಿನ ಅಕ್ಷರ ಓದು. ಆಮೇಲೆ ತೋಟಾದ ಬುಡ ನೋಡು. ಖಡ್ಕಿಯ ಕಾರ್ಖಾನೆಯದಾದರೆ ಕೆಎಫ್ ಎಂಬ ಗುರುತು ಇರುತ್ತದೆ. ನಮ್ಮ ಕಡೆಯ ಅಂಗಡಿಗಳಲ್ಲಿ ನಿನಗೆ ಹೆಚ್ಚಾಗಿ ಸಿಗುವುದು ಅದೇ.

ಹಳೆಯ ಡಬ್ಬಿಯ ವಿಷಯ. ಕಿಲುಬು ಹಿಡಿದದ್ದನ್ನು ಹಾರಿಸಬೇಡ, ತಿಕ್ಕಿ ಹೊಳಪು ಮಾಡಲೂ ಹೋಗಬೇಡ. ಎಷ್ಟಿವೆ ಎಂದು ಎಣಿಸಿ, ಪರವಾನಗಿಯ ಲೆಕ್ಕಕ್ಕೆ ಹೊಂದಿಸಿ ಬಂದೂಕಿನ ಅಂಗಡಿಯವರಿಗೆ ಒಪ್ಪಿಸಿ ರಸೀದಿ ಪಡೆ. ಹೊಲದಲ್ಲಿ ಹೂಳುವುದು, ಬಾವಿಗೆ ಎಸೆಯುವುದು ಎರಡೂ ಬೇಡ.

ಸೇಡಂ ಮೂಲ, ಈಗ ಟೆಕ್ಸಾಸ್

ನಾನು ಇಲ್ಲಿ ಎರಡು ಇಂಚಿನ ನಳಿಕೆಯ .38 ಸ್ಪೆಷಲ್ ಇಟ್ಟುಕೊಂಡಿದ್ದೇನೆ. ಇಲ್ಲಿ ಈ ಚರ್ಚೆ ದಶಕಗಳಿಂದ ನಡೆದಿದೆ, ಅದರ ಸಾರ ಹೇಳುತ್ತೇನೆ.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐ ಮತ್ತು ಇಬ್ಬರು ದರೋಡೆಕೋರರ ನಡುವೆ ಗುಂಡಿನ ಕಾಳಗ ನಡೆಯಿತು. ಮೊದಮೊದಲೇ ಒಬ್ಬ ದರೋಡೆಕೋರನ ತೋಳನ್ನು ಹಾದು ಎದೆ ಹೊಕ್ಕ ಗುಂಡೊಂದು ಹೃದಯದ ಹತ್ತಿರಕ್ಕೆ ಬಂದು ನಿಂತುಬಿಟ್ಟಿತು. ಅವನು ಆ ಮೇಲೂ ಹೊಡೆದಾಡಿದ. ಎಫ್‌ಬಿಐನ ಇಬ್ಬರು ಸತ್ತರು. ಅಲ್ಲಿಂದಾಚೆ ಗುಂಡನ್ನು ಅಳೆಯುವ ಕೋಲೇ ಬದಲಾಯಿತು: ಮಾಂಸದ ಗಟ್ಟಿತನಕ್ಕೆ ಹೊಂದುವ ಜಿಲೆಟಿನ್ ದಿಮ್ಮಿಯಲ್ಲಿ 12ರಿಂದ 18 ಇಂಚು, ಅಂದರೆ ಸುಮಾರು 30ರಿಂದ 45 ಸೆಂ.ಮೀ. ಹೋಗಬೇಕು. ಮುಂದೆ ನಾಲ್ಕು ಪದರ ಜೀನ್ಸ್ ಬಟ್ಟೆ ಹೊದಿಸಿಯೂ ನೋಡುತ್ತಾರೆ.

ಟೊಳ್ಳು ಮೂತಿಯ ಗುಂಡು ಹೂವಿನಂತೆ ಅರಳಬೇಕಾದರೆ ವೇಗ ಬೇಕು. ನಳಿಕೆ ಗಿಡ್ಡವಾದಷ್ಟೂ ಮದ್ದು ಪೂರಾ ಉರಿದು ತಳ್ಳುವ ಮೊದಲೇ ಗುಂಡು ಹೊರಬಿದ್ದಿರುತ್ತದೆ. ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿನಲ್ಲಿ ಮದ್ದಿನ ಅನಿಲ ಬೇರೆ ಸೋರುತ್ತದೆ. ಮೇಲಿಂದ ಟೊಳ್ಳಿನೊಳಗೆ ಬಟ್ಟೆಯ ನೂಲು ತುಂಬಿಕೊಂಡರೆ ಮೂತಿ ಅರಳುವುದೇ ಇಲ್ಲ. ಗಿಡ್ಡ ನಳಿಕೆಗೆಂದೇ ತಯಾರಾದ ಸ್ಪೀಯರ್ ಕಂಪನಿಯ 135 ಗ್ರೇನ್ ತೂಕದ ಗುಂಡಿನಂಥವು .38ಕ್ಕೆ ಇವೆ. ನಾನು ಅದನ್ನೇ ತುಂಬುತ್ತೇನೆ. .32 ಲಾಂಗ್‌ಗೆ ಅಂಥದ್ದು ತರಿಸಲು ಸಾಧ್ಯವಾದರೆ ತರಿಸು ಎನ್ನುವುದು ನನ್ನ ಅಭಿಪ್ರಾಯ.

ನಿವೃತ್ತ ಹವಾಲ್ದಾರ್, ಭಾಲ್ಕಿ

ಸೇಡಂನವರೇ, ನೀವು ಹೇಳಿದ ಕಾರಣಗಳೆಲ್ಲ ಸರಿ, ಆದರೆ ಕೊನೆಯ ಸಾಲು ಆ ಕಾರಣಗಳಿಗೇ ವಿರುದ್ಧವಾಗಿದೆ. ಅಲ್ಲಿನ .38 ಇಲ್ಲಿ ಸಾಮಾನ್ಯ ಪರವಾನಗಿಗೆ ಸಿಗದ ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಕೆ ಅಳತೆ. ನಮ್ಮ ಕೈಯಲ್ಲಿರುವುದು 1896ರಲ್ಲಿ ಹುಟ್ಟಿದ .32 ಲಾಂಗ್. ಗುಂಡು 98 ಗ್ರೇನ್, ಅಂದರೆ ಆರೂಕಾಲು ಗ್ರಾಂಗಿಂತ ಚೂರು ಹೆಚ್ಚು. ನಾಲ್ಕು ಇಂಚಿನ ನಳಿಕೆಯಲ್ಲೇ ಸೆಕೆಂಡಿಗೆ ಸುಮಾರು 215 ಮೀಟರ್ ವೇಗ. ಮೂರು ಇಂಚಿಗೆ ಅದಕ್ಕೂ ಕಡಿಮೆ. ಈ ವೇಗಕ್ಕೆ ಟೊಳ್ಳು ಮೂತಿ ಅರಳುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಎಲ್ಲಾದರೂ ಅರಳಿತು ಎನ್ನಿ, ಆಗ ಆಳಕ್ಕೆ ಹೋಗುವುದಿಲ್ಲ. ಮಯಾಮಿಯ ಪಾಠವೇ ಅದಲ್ಲವೇ?

ಸಣ್ಣ ತೋಟಾಗೆ ಆಳವೇ ಆಧಾರ. ಸೀಸದ ಗಟ್ಟಿ ಗುಂಡು ಅದನ್ನು ಕೊಡುತ್ತದೆ.

ಶಹಾಪುರದವ

ನಮ್ಮ ಕಾಕಾ ಒಬ್ಬರು ಗುಂಡಿನ ಮೂತಿಗೆ ಅರದಿಂದ ಅಡ್ಡ ಉದ್ದ ಗೀರು ಹಾಕಿ ಇಡುತ್ತಿದ್ದರು. ಹಾಗೆ ಮಾಡಿದರೆ ಒಳಗೆ ಹೋಗಿ ಒಡೆಯುತ್ತದಂತೆ. ಅಂಗಡಿಯಲ್ಲಿ ಸಿಗದಿದ್ದರೆ ಇದನ್ನು ಮಾಡಬಹುದೇ?

ನಿವೃತ್ತ ಹವಾಲ್ದಾರ್, ಭಾಲ್ಕಿ

ಬೇಡ. ಗೀರು ಒಂದು ಕೂದಲಷ್ಟು ಓರೆಯಾದರೂ ಗುಂಡು ತೂಕ ತಪ್ಪಿ ಎಲ್ಲಿಗೋ ಹೋಗುತ್ತದೆ. ಆ ಪದ್ಧತಿಗೆ ದಮ್‌ದಮ್ ಎಂಬ ಹೆಸರು ಬಂದದ್ದು ಕೋಲ್ಕತ್ತಾ ಬಳಿಯ ದಮ್‌ದಮ್ ಕಾರ್ಖಾನೆಯಿಂದ. ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲೇ ಹೇಗ್‌ನಲ್ಲಿ ಘೋಷಣೆಯಾಯಿತು. ಆ ಘೋಷಣೆ ನಾಗರಿಕರಿಗೆ ಅನ್ವಯವಾಗುವುದಿಲ್ಲ ಎನ್ನಬಹುದು. ಆದರೂ ಅರ ಹಿಡಿದು ತೋಟಾ ತಿದ್ದುವ ಕೈ ನನಗೆ ಭಯ ಹುಟ್ಟಿಸುತ್ತದೆ.

ಕರಿಕೋಟು, ಕಲಬುರಗಿ

ನ್ಯಾಯಾಲಯದ ಕಡೆಯಿಂದ ಎರಡು ಮಾತು, ಏಕೆಂದರೆ ತೋಟಾ ಆರಿಸುವವರು ಹಾರಿಸಿದ ಮರುಕ್ಷಣದ ಬಗ್ಗೆಯೂ ಯೋಚಿಸಬೇಕು.

ಮೊದಲಿಗೆ ಶಹಾಪುರದವರಿಗೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೆ, ಮಾರ್ಪಡಿಸುವುದಕ್ಕೆ ಬೇರೆಯೇ ಪರವಾನಗಿ ಬೇಕು. ನಿಮ್ಮ ಬಳಿ ಇರುವುದು ಇಟ್ಟುಕೊಳ್ಳುವ ಪರವಾನಗಿ. ಗೀರು ಹಾಕಿದ ಗುಂಡು ಸಾಕ್ಷ್ಯವಾಗಿ ಮೇಜಿನ ಮೇಲೆ ಬಂದರೆ ‘ಪ್ರಾಣ ಉಳಿಸಿಕೊಳ್ಳಲು ಹಾರಿಸಿದೆ’ ಎಂಬ ನಿಮ್ಮ ಮಾತನ್ನು ಮೊದಲು ಅಳ್ಳಾಡಿಸುವುದು ಆ ಗೀರೇ.

ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಮೊದಲು ದಂಡ ಸಂಹಿತೆಯ 96ರಿಂದ 106 ಇದ್ದದ್ದೇ. ಸಾವು ಅಥವಾ ಭಾರೀ ಗಾಯದ ಭಯ ನ್ಯಾಯವಾಗಿ ಹುಟ್ಟಿದಾಗ ಎದುರಾಳಿಯ ಪ್ರಾಣ ಹೋಗುವವರೆಗೂ ಹಕ್ಕು ಚಾಚುತ್ತದೆ (38). ಸುಲಿಗೆ, ರಾತ್ರಿ ಮನೆ ಒಡೆಯುವುದು ಇಂಥ ಸಂದರ್ಭಗಳಲ್ಲಿ ಸ್ವತ್ತಿಗೂ ಹಾಗೆಯೇ (41). ಆದರೆ ಎಲ್ಲದರ ಮೇಲೂ 37 ಕೂತಿದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಭಯ ಹುಟ್ಟಿದಾಗ ಹುಟ್ಟುತ್ತದೆ, ಭಯ ಇರುವವರೆಗೆ ಮಾತ್ರ ಇರುತ್ತದೆ ಎಂದಿದೆ. ಚೀಲ ಕಿತ್ತುಕೊಂಡು ಬೈಕಿನಲ್ಲಿ ಓಡುತ್ತಿರುವವನ ಬೆನ್ನಿಗೆ ಹಾರಿಸಿದರೆ ಯಾವ ತೋಟಾವೂ ನಿಮ್ಮನ್ನು ಕಾಪಾಡುವುದಿಲ್ಲ.

ಇನ್ನೊಂದು ಮಾತು. ಹೊಸ ತೋಟಾ ತಂದವರು ಹೊಲದಲ್ಲಿ ‘ಒಂದು ನೋಡೋಣ’ ಎಂದು ಹಾರಿಸುವುದು ನಮ್ಮ ಕಡೆ ಇದೆ. ಮದುವೆಯ ಮೆರವಣಿಗೆಯಲ್ಲೂ ಇದೆ. ಸಂಭ್ರಮಕ್ಕೆ ಗುಂಡು ಹಾರಿಸಿ ಪ್ರಾಣಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.

ಫರಸಿಕಲ್ಲು, ಚಿತ್ತಾಪುರ

ಹವಾಲ್ದಾರ್ ಕಾಕಾ, ಆಳಕ್ಕೆ ಹೋಗುವ ಗುಂಡು ಒಳ್ಳೆಯದು ಎನ್ನುತ್ತೀರಿ, ಒಪ್ಪುತ್ತೇನೆ. ಆದರೆ ನಮ್ಮ ಮನೆಗಳನ್ನು ನೆನೆಯಿರಿ. ಗೋಡೆ ಶಹಾಬಾದ್ ಕಲ್ಲು, ನೆಲ ಶಹಾಬಾದ್ ಕಲ್ಲು, ಎಷ್ಟೋ ಕಡೆ ಮೇಲೆ ಹೊದಿಸಿದ್ದೂ ಅದೇ ಕಲ್ಲು. ನಾನು ಗಣಿಯಲ್ಲಿ ಬೆಳೆದವನು. ಉಳಿಯ ಏಟಿಗೆ ಹಾರುವ ಚೂರು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಲಾರರು. ಮನೆಯೊಳಗೆ ಗುರಿ ತಪ್ಪಿದ ಗುಂಡು ಕಲ್ಲಿಗೆ ಬಡಿದು ಓರೆಯಾಗಿ ಜಾರಿದರೆ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿನ ಕಡೆಗೂ ಹೋಗಬಹುದು. ಬೇಸಿಗೆಯಲ್ಲಿ ಅರ್ಧ ಊರು ಮಾಳಿಗೆಯ ಮೇಲೆ ಮಲಗಿರುತ್ತದೆ, ಮೇಲ್ಮುಖವಾಗಿ ಹಾರಿಸುವ ಮಾತೇ ಇಲ್ಲ.

ನನ್ನ ಮನೆಯಲ್ಲಿ ನಾನು ಮಾಡಿಕೊಂಡಿರುವುದು ಇಷ್ಟು: ಬಾಗಿಲಿನ ಎದುರು ನಿಂತು ಹಾರಿಸಬೇಕಾಗಿ ಬಂದರೆ ಹಿಂದೆ ಏನಿದೆ ಎಂದು ಹಗಲಿನಲ್ಲೇ ನೋಡಿಟ್ಟಿದ್ದೇನೆ. ತೊಗರಿ ಚೀಲದ ರಾಶಿ ಇರುವ ಮೂಲೆಗೆ ಮಾತ್ರ ಗುರಿ ಹಿಡಿಯುವ ಹಾಗೆ ನಿಲ್ಲುವ ಜಾಗ ಗೊತ್ತುಮಾಡಿದ್ದೇನೆ. ಯಾವ ತೋಟಾ ಎನ್ನುವುದಕ್ಕಿಂತ ಇದು ನನಗೆ ಮುಖ್ಯವಾಗಿ ಕಂಡಿದೆ.

ಕರಿಕೋಟು, ಕಲಬುರಗಿ

ಕಲ್ಲಿನವರ ಮಾತಿಗೆ ಕಾನೂನಿನ ಜೋಡಣೆ: ಪ್ರಾಣಾಂತಿಕ ದಾಳಿ ಎದುರಾದಾಗ, ನಿರಪರಾಧಿಗೆ ತಗಲುವ ಅಪಾಯವಿಲ್ಲದೆ ರಕ್ಷಣೆ ಸಾಧ್ಯವೇ ಇಲ್ಲದಿದ್ದರೆ ಆ ಅಪಾಯಕ್ಕೂ 44ನೇ ಕಲಂ ಅವಕಾಶ ಕೊಡುತ್ತದೆ. ಹೆಸರಿಗೆ ಇದೆ. ಅದರ ಮೇಲೆ ಭಾರ ಹಾಕಬೇಡಿ. ಪಕ್ಕದ ಮನೆಯ ಮಗುವಿಗೆ ಗುಂಡು ತಗಲಿದ ಮೇಲೆ ಕಲಂ ಓದಿ ಯಾರಿಗೆ ಸಮಾಧಾನ ಹೇಳುತ್ತೀರಿ?

ದವಾಖಾನೆ, ಬೀದರ್

ನಾನು ಶಸ್ತ್ರಚಿಕಿತ್ಸಕಿ. ಬಂದೂಕು ಇಟ್ಟುಕೊಂಡವಳಲ್ಲ, ಗುಂಡಿನ ಗಾಯ ಹೊಲಿದವಳು.

ಕೈಬಂದೂಕಿನ ಗುಂಡು ತಗಲಿದವರು ಹಾರಿ ಹಿಂದಕ್ಕೆ ಬೀಳುವುದಿಲ್ಲ. ಹೊಟ್ಟೆಗೆ ಗುಂಡು ಬಿದ್ದವರು ತಾವೇ ನಡೆದು ನಮ್ಮ ಬಾಗಿಲಿಗೆ ಬಂದದ್ದನ್ನು ನೋಡಿದ್ದೇನೆ. ಒಬ್ಬ ಮನುಷ್ಯ ಅಲ್ಲೇ ಕುಸಿಯಬೇಕಾದರೆ ಗುಂಡು ಮೆದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ತಾಗಬೇಕು. ಉಳಿದಂತೆ ರಕ್ತ ಹೋಗಿ ಒತ್ತಡ ಇಳಿಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹೃದಯಕ್ಕೇ ತಗಲಿದವನಿಗೂ ಮೆದುಳಿನಲ್ಲಿ ಉಳಿದ ಆಮ್ಲಜನಕದಿಂದ ಕೆಲವು ಸೆಕೆಂಡು ಕೈಕಾಲು ಆಡುತ್ತವೆ. ಆದ್ದರಿಂದ ಗುಂಡಿನ ಮೂತಿ ನೋಡಿ ‘ಒಂದೇ ಏಟಿಗೆ ಮಲಗಿಸುತ್ತದೆ’ ಎಂದು ಮಾರುವವರ ಮಾತನ್ನು ನಂಬಬೇಡಿ.

ಹಾಗೆಯೇ, ಹಾರಿಸಿದ ಮೇಲೆ ಅಪಾಯ ಕಳೆದರೆ ಮೊದಲು 112ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಕೇಳಿ. ಎದುರಿಗೆ ಬಿದ್ದವನೂ ಆಗ ರೋಗಿಯೇ.

ಹುಮನಾಬಾದ್ ಪಂಪ್

ಅಕ್ಕ ಹೇಳಿದ್ದು ಓದಿ ಮನಸ್ಸು ಭಾರವಾಯಿತು, ಆದರೆ ತಿಳಿದಿರಬೇಕಾದ ಮಾತು. ನಾನು ಪೆಟ್ರೋಲ್ ಪಂಪ್ ನಡೆಸುವವಳು. ಪತಿ ಹೋದ ಮೇಲೆ ನಿರ್ಭೀಕ್ ತೆಗೆದುಕೊಂಡೆ. ಕಾನ್ಪುರದವರು 2014ರಲ್ಲಿ ತಂದ ಹಗುರ ರಿವಾಲ್ವರ್, ಅರ್ಧ ಕಿಲೋ ಆಸುಪಾಸು. ಚೀಲದಲ್ಲಿ ಹಗುರ, ಕೈಯಲ್ಲಿ ಹಾಗಲ್ಲ. ಬಂದೂಕು ಹಗುರವಾದಷ್ಟೂ ಒದೆತ ಜೋರು. .32 ಮೆದು ತೋಟಾ ಎನ್ನುತ್ತಾರೆ, ಆದರೂ ಮೊದಲ ದಿನ ಮೂರನೇ ಗುಂಡಿಗೆ ನನ್ನ ಹೆಬ್ಬೆರಳಿನ ಬುಡ ಕೆಂಪಾಗಿತ್ತು. ಕುದುರೆ ಎಳೆಯುವುದೂ ಬಿಗಿ. ಸುತ್ತಿಗೆ ಎತ್ತದೆ ಎಳೆಯುವಾಗ ಮೂತಿ ಕೆಳಕ್ಕೆ ಬಾಗುತ್ತದೆ. ಹಾಗಿರುವಾಗ ಇನ್ನೂ ಜೋರಿನ ತೋಟಾ ತಂದು ನಾನೇನು ಮಾಡಲಿ? ಎರಡನೆಯ ಗುಂಡು ಮೊದಲನೆಯದರ ಹತ್ತಿರ ಬೀಳಬೇಕು. ಅದು ಮೆದು ತೋಟಾದಲ್ಲಿ ಆಗುತ್ತದೆ.

ತೋಟಾ ಕೆಡುವ ಬಗ್ಗೆ ನನ್ನ ಅನುಭವ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸುತ್ತೇವೆ. ಒಮ್ಮೆ ತೋಟಾ ತುಂಬಿದ ಚರ್ಮದ ಪಟ್ಟಿಯನ್ನೂ ಹಾಗೆಯೇ ಕೊಟ್ಟೆ. ಎರಡು ತಿಂಗಳು ಯಾವುದೋ ತೇವದ ಮೂಲೆಯಲ್ಲಿ ಇತ್ತೆಂದು ಕಾಣುತ್ತದೆ. ವಾಪಸ್ ಬಂದಾಗ ಪಟ್ಟಿಯ ಕುಣಿಕೆ ತಾಗಿದ ಕಡೆಯಲ್ಲೆಲ್ಲ ಉಂಗುರದಂತೆ ಕಿಲುಬು. ಚರ್ಮ ಹದ ಮಾಡುವ ರಾಸಾಯನಿಕಕ್ಕೆ ಹಿತ್ತಾಳೆ ಆಗುವುದಿಲ್ಲವಂತೆ. ಈಗ ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕೊಂಡ ತಿಂಗಳು ಬರೆದ ಚೀಟಿ ಅಂಟಿಸಿ ಇಡುತ್ತೇನೆ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಎಂದೂ ಬಿಡುವುದಿಲ್ಲ.

ನಿವೃತ್ತ ಹವಾಲ್ದಾರ್, ಭಾಲ್ಕಿ

ಪಂಪಿನ ತಾಯಿ ಸರಿಯಾಗಿ ಹೇಳಿದರು. ಒಂದು ಸೇರಿಸುತ್ತೇನೆ: ಬಂದೂಕಿಗೆ ಹಾಕುವ ಎಣ್ಣೆ ತೋಟಾಗೆ ವಿಷ. ಸಿಲಿಂಡರಿನ ಒಳಗೆ ಎಣ್ಣೆ ಬಿಟ್ಟು ತೋಟಾ ತುಂಬಿದರೆ ಅದು ಕೇಪಿನ ಸುತ್ತ ಇಳಿದು ಕಿಡಿಯನ್ನೇ ಸಾಯಿಸುತ್ತದೆ. ಒರೆಸಿ, ಒಣ ಬಟ್ಟೆ ಹಾಯಿಸಿ, ಆಮೇಲೆ ತುಂಬಿ.

ಇನ್ನು ತೊಗರಿಕಣಜದ ತಮ್ಮಾ, ಆಟದ ಗುರಿಕಾರರು .32 ಲಾಂಗ್‌ನಲ್ಲೇ ವಾಡ್‌ಕಟರ್ ಎಂಬ ಚಪ್ಪಟೆ ಮೂತಿಯ ಗುಂಡು ಹಾರಿಸುತ್ತಾರೆ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ನಡೆಯುವುದು ಅದೇ. ಅರಳುವ ಮೋಹ ಅದಕ್ಕಿಲ್ಲ. ಅಗಲ ಮೂತಿಯಿಂದ ತನ್ನಷ್ಟೇ ಅಗಲದ ತೂತು ಕೊರೆದುಕೊಂಡು ಹೋಗುತ್ತದೆ. ದುಂಡು ಮೂತಿ ಮಾಂಸವನ್ನು ಸರಿಸಿ ಜಾರುತ್ತದೆ, ಇದು ಕತ್ತರಿಸುತ್ತದೆ. ಸಿಕ್ಕರೆ ನೋಡು. ಸಿಗದಿದ್ದರೆ ಹೊಸ ಕೆಎಫ್ ಸಾಕು. ಯಾವುದೇ ಇರಲಿ, ನಿನ್ನ ಬಂದೂಕಿನಲ್ಲೇ ಹಾರಿಸಿ ನೋಡದೆ ಕಂಕುಳಲ್ಲಿ ಇಟ್ಟುಕೊಳ್ಳಬೇಡ.

ಸೇಡಂ ಮೂಲ, ಈಗ ಟೆಕ್ಸಾಸ್

ಹವಾಲ್ದಾರರ ಮಾತಿಗೆ ತಲೆಬಾಗುತ್ತೇನೆ. ಇಲ್ಲಿಯೂ ಗಿಡ್ಡ .38 ಇಟ್ಟುಕೊಂಡ ಅನುಭವಿಗಳಲ್ಲಿ ಎಷ್ಟೋ ಜನ 148 ಗ್ರೇನ್ ವಾಡ್‌ಕಟರ್‌ಗೇ ಮರಳಿದ್ದಾರೆ. .32ಗೆ ಅದೇ ತರ್ಕ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ತೊಡಕು ಮಾತ್ರ ಇದೆ: ಮೂತಿ ಚಪ್ಪಟೆಯಾದ್ದರಿಂದ ಅವಸರದಲ್ಲಿ ಸಿಲಿಂಡರಿಗೆ ಇಳಿಸುವುದು ಕಷ್ಟ. ಬಂದೂಕಿನೊಳಗೆ ಚಪ್ಪಟೆ, ಜೇಬಿನಲ್ಲಿ ದುಂಡು ಇಟ್ಟುಕೊಳ್ಳುವವರಿದ್ದಾರೆ.

ತೊಗರಿಕಣಜ, ಕಲಬುರಗಿ

ಆರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ಕಿಲುಬು ಹಿಡಿದ 8 ತೋಟಾ ಒಪ್ಪಿಸಿ ರಸೀದಿ ಪಡೆದೆ. ಉಳಿದ 11 ನೋಡಲು ಶುಭ್ರವಾಗಿದ್ದವು. ನನ್ನ ಪರವಾನಗಿಗೆ ಇಡೀ ದೇಶದ ವ್ಯಾಪ್ತಿ ಇರುವುದರಿಂದ, ಮತ್ತೊಮ್ಮೆ ಕಾಗದ ನೋಡಿಕೊಂಡು, ಹೈದರಾಬಾದಿನ ಒಂದು ಶೂಟಿಂಗ್ ಕ್ಲಬ್ಬಿಗೆ ಹೋದೆ. ತರಬೇತುದಾರರು ಪಕ್ಕದಲ್ಲೇ ನಿಂತಿದ್ದರು.

ಅಪ್ಪನ 11ರಲ್ಲಿ ಮೊದಲ ಮೂರು ಹಾರಿದವು. ನಾಲ್ಕನೆಯದು ಬರೀ ಟಿಕ್ ಎಂದಿತು. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿಸಿದರು, ತೆಗೆದರು. ಐದನೆಯದು ಹಾರಿತು. ಆರನೆಯದಕ್ಕೆ ‘ಟಪ್’ ಎಂದು ಒಂದು ಸಣ್ಣ ಸದ್ದು, ತೊಗರಿ ಕಾಯಿ ಬಿರಿದ ಹಾಗೆ. ಕೈಗೆ ಒದೆತವೇ ಬರಲಿಲ್ಲ. ನಾನು ಮತ್ತೆ ಕುದುರೆ ಎಳೆಯುವುದರಲ್ಲಿದ್ದೆ. ತರಬೇತುದಾರರು ನನ್ನ ಮಣಿಕಟ್ಟು ಹಿಡಿದುಬಿಟ್ಟರು. ತೆರೆದು ಬೆಳಕಿಗೆ ಹಿಡಿದಾಗ ನಳಿಕೆಯೊಳಗೆ ಬೆಳಕು ಕಾಣಲಿಲ್ಲ. ಗುಂಡು ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೋಗಿದ್ದರೆ ನಳಿಕೆ ಉಬ್ಬಿ ಸೀಳುತ್ತಿತ್ತು ಎಂದರು. ಹಿತ್ತಾಳೆಯ ಸಲಾಕೆಯಿಂದ ಮೆಲ್ಲಗೆ ಬಡಿದು ಹೊರಗೆ ತಂದ ಆ ಸೀಸದ ತುಂಡನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಇದನ್ನೇ ನಂಬಿಕೊಂಡು ಅಪ್ಪ ಎಷ್ಟು ಸುಗ್ಗಿಗಳ ರಾತ್ರಿ ಆ ದಾರಿಯಲ್ಲಿ ಬಂದರೋ. ಉಳಿದ ಐದನ್ನು ಹಾರಿಸಲಿಲ್ಲ.

ಕ್ಲಬ್ಬಿನಲ್ಲೇ ವಾಡ್‌ಕಟರ್ ಆರು ಹಾರಿಸಲು ಸಿಕ್ಕವು. ಏಳು ಮೀಟರ್ ದೂರದ ಕಾಗದದಲ್ಲಿ ಕಚೇರಿಯ ಪಂಚಿಂಗ್ ಯಂತ್ರ ಒತ್ತಿದಂತೆ ಅಂಚು ಕತ್ತರಿಸಿದ ದುಂಡನೆಯ ತೂತು. ದುಂಡು ಮೂತಿಯದು ಕಾಗದವನ್ನು ಹರಿದು, ಅಂಚು ಒಳಕ್ಕೆ ಮಡಚಿ ಹೋಗಿತ್ತು. ಕಣ್ಣಿಗೆ ಕಾಣುವ ವ್ಯತ್ಯಾಸ. ಆದರೆ ಆ ತೋಟಾ ಅಲ್ಲೇ ಹಾರಿಸಲು ಮಾತ್ರ, ಮನೆಗೆ ತರುವಂತಿಲ್ಲ. ನಮ್ಮ ಊರಿನ ಬಂದೂಕಿನ ಅಂಗಡಿಯವರು ಅಂಥ ತೋಟಾ ಬಂದಾಗ ಹೇಳುತ್ತೇವೆ ಎಂದಿದ್ದಾರೆ.

ಹೊಸ ಕೆಎಫ್ 24 ಹಾರಿಸಿದೆ. ಒಂದೂ ಸೋಲಲಿಲ್ಲ. ಮೊದಲ ಆರು ಎಲ್ಲೆಂದರಲ್ಲಿ ಬಿದ್ದವು. ಕೊನೆಯ ಆರರಲ್ಲಿ ಐದು ಒಂದು ಜೋಳದ ರೊಟ್ಟಿಯಷ್ಟು ಜಾಗದೊಳಗೆ ಬಂದವು, ಎಲ್ಲವೂ ಗುರಿಗಿಂತ ನಾಲ್ಕು ಬೆರಳು ಕೆಳಗೆ. ಬಂದೂಕಿನ ದೋಷವೋ ನನ್ನ ಕೈಯದೋ, ಕಾಕಾ?

ನಿವೃತ್ತ ಹವಾಲ್ದಾರ್, ಭಾಲ್ಕಿ

ಕೈಯದು. ಪಂಪಿನ ತಾಯಿ ಹೇಳಿದ್ದೇ, ಕುದುರೆ ಎಳೆಯುವಾಗ ಮೂತಿ ಬಾಗುತ್ತಿದೆ. ಬಂದೂಕು ಖಾಲಿ ಇದೆ ಎಂದು ಎರಡು ಸಲ ನೋಡಿ, ತೋಟಾವನ್ನು ಬೇರೆ ಕೋಣೆಯಲ್ಲಿಟ್ಟು ಬಾ. ಸಿಲಿಂಡರಿನಲ್ಲಿ ಮದ್ದಿಲ್ಲದ ಕೃತಕ ತೋಟಾ ಹಾಕಿಕೊಂಡು, ತೊಗರಿ ಚೀಲದ ರಾಶಿಯ ಕಡೆಗೆ ಮುಖ ಮಾಡಿ ದಿನಕ್ಕೆ ಇಪ್ಪತ್ತು ಸಲ ಎಳೆ. ಮೂತಿಯ ಮೇಲಿನ ಗುರಿ ಹಿಡಿಯುವ ಮೊಳೆ ಅಲುಗದ ಹಾಗೆ ಎಳೆಯುವುದು ಬಂದ ಮೇಲೆ ಇನ್ನೊಮ್ಮೆ ಹೈದರಾಬಾದಿಗೆ ಹೋಗು. ಆಗಲೂ ಕೆಳಗೇ ಬಿದ್ದರೆ ಬಂದೂಕು ತೆಗೆದುಕೊಂಡು ಭಾಲ್ಕಿಗೆ ಬರಬೇಡ, ಪರವಾನಗಿ ಇರುವ ರಿಪೇರಿಯವರ ಹತ್ತಿರ ಹೋಗು. ಕಾಗದ ಮಾತ್ರ ತೆಗೆದುಕೊಂಡು ಬಾ, ತೂತುಗಳನ್ನು ನೋಡಿ ಹೇಳುತ್ತೇನೆ.

ತೊಗರಿಕಣಜ, ಕಲಬುರಗಿ

ಹಾಗೆಯೇ ಮಾಡುತ್ತೇನೆ, ಕಾಕಾ. ಈಗ ಒಳಗೆ ಆರು ಕೆಎಫ್ ಇವೆ. ಡಬ್ಬಿಗೆ ತಿಂಗಳು ಬರೆದ ಚೀಟಿ ಅಂಟಿಸಿದ್ದೇನೆ. ಅಪ್ಪನ ತಗಡಿನ ಡಬ್ಬಿಯನ್ನು ಅವ್ವ ತೊಳೆದು ಸೂಜಿ ದಾರ ಇಟ್ಟುಕೊಂಡಿದ್ದಾಳೆ.